ಒಂದಿಂಚು

ರಥಸಪ್ತಮಿಯ ಮರುದಿನ ಮುಂಜಾನೆ
ರವಿಕೆ ಕೊಡಲು ಹೋದವಳನ್ನು
ಥತ್ತೆ ಆಜಿ ಗ್ಯಾಲರಿಗೆ ಕರೆದುಕೊಂಡರು.
ಹುಕ್ಕಿನ ಬದಲು ಟಿಚ್‌ಬಟನ್, ಬೆರಳಿಗೆ ಹುಕ್ಕು ಸಿಗುವುದಿಲ್ಲ ಈಗ.
ವರ್ಷಕ್ಕೆ ಅರ್ಧ ಇಂಚು ಒಳಗೆ ಹಿಡಿಯುತ್ತೇನೆ.
ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ.

ಧನಕವಡಿಯ ಚಳಿ ಇನ್ನೂ ನೆರಳಿನಲ್ಲಿ ಕೂತಿತ್ತು,
ಬಿಸಿಲಿಗೆ ಸರಿದರೆ ಸ್ವೆಟರು ಚುಚ್ಚುತ್ತಿತ್ತು.
ಗ್ರಿಲ್ಲಿನ ಗುಂಟ ಹದಿನಾರು ಕುಂಡ.
ಕುಂಡ ಎಂದರೆ ಏನು, ಎಣ್ಣೆಯ ಡಬ್ಬಿ,
ಬಣ್ಣದ ಬಕೆಟ್ಟು, ಕಿವಿ ಮುರಿದ ಕುಕ್ಕರು,
ಯಜಮಾನರಿದ್ದಾಗ ತಂದ ಮಣ್ಣಿನವು ಎರಡೇ.
ಸೇವಂತಿಗೆ ತನ್ನ ಹಬ್ಬ ಮುಗಿಸಿ ಕಣಿಕೆಯ ಬಣ್ಣಕ್ಕೆ ತಿರುಗಿತ್ತು.
ಗುಲಾಬಿ ನೆಟ್ಟಗೆ ಎದ್ದು
ಮೇಲಿನ ಮನೆಯವರ ಒಣಗುವ ಸೀರೆಗೆ ಕೈ ಹಾಕಿತ್ತು.
ದುಂಡುಮಲ್ಲಿಗೆ, ದೀಪಾವಳಿಯಿಂದ ಬರೀ ಎಲೆ.

'ನಂದಾ, ಕಾಪ್' ಅಂದರು.
ಕತ್ತರಿಸು ಎನ್ನುವ ಮಾತು
ಮರಾಠಿಯಲ್ಲಿ ಎಷ್ಟು ಗಿಡ್ಡ.

ಚೀಲದಲ್ಲಿ ನನ್ನ ಕತ್ತರಿ ಇತ್ತು.
ಅದು ಬಟ್ಟೆ ಬಿಟ್ಟು ಬೇರೆ ಏನನ್ನೂ ಕಂಡಿಲ್ಲ, ಕಾಗದವನ್ನು ಕೂಡ;
ಕೈಗಿಡುವ ದಿನ ಸಿಂದಗಿಯ ನದಾಫ ಮಾಸ್ತರು
ಆಣೆ ಹಾಕಿಸಿಕೊಂಡಿದ್ದರು.
ಆಜಿಗೂ ಗೊತ್ತಿರಬೇಕು. ಹಳೆಯ ಟವೆಲ್ಲು ಬಿಚ್ಚಿ
ತಮ್ಮದನ್ನು ಕೊಟ್ಟರು:
ರಾತ್ರಿಯಿಡೀ ಸೀಮೆಎಣ್ಣೆ ಕುಡಿದ,
ಸ್ಪ್ರಿಂಗು ಹೋಗಿ ರಬ್ಬರು ಸುತ್ತಿದ, ಗಿಣಿಮೂತಿಯದು.

ಅವರ ಕಣ್ಣಿಗೆ ಪೊರೆ. ಹೆಬ್ಬೆರಳಿಗೆ ಇಲ್ಲ.
ಕಡ್ಡಿಯ ಮೈಗುಂಟ ಮುಳ್ಳು ತಪ್ಪಿಸುತ್ತ ಇಳಿದು
ಒಂದು ಕಡೆ ನಿಂತಿತು. 'ಹಾ ಬಘ್, ಡೋಳಾ.'
ನಾವೂ ಕಬ್ಬಿಗೆ ಕಣ್ಣೆಂದೇ ಅನ್ನುತ್ತೇವೆ.
ನುಚ್ಚಕ್ಕಿಯಷ್ಟು, ಕೆಂಪಗೆ, ಬೀದಿಯ ಕಡೆ ಮುಖ ಮಾಡಿದ ಕಣ್ಣು.
ಅದರ ನೆತ್ತಿಗೆ ತಗುಲಿದ ಹಾಗೆ,
ಓರೆಯಾಗಿ,
ಒಂದೇ ಏಟಿಗೆ.

ನನ್ನ ಕೈ ಒಂದಿಂಚು ಮೇಲೆ ಹೋಗಿ ನಿಂತಿತು.
ಮೂವತ್ತೊಂದು ವರ್ಷದ ಚಾಳಿ, ಏನು ಮಾಡಲಿ.
ಹುಡುಗಿ ನಾಳೆ ಮೈತುಂಬಿಕೊಂಡಾಳು,
ಬಾಣಂತಿಯಾದಾಳು, ಅಕ್ಕನದು ತಂಗಿಗೆ ಬಂದೀತು ಎಂದು
ಹೊಲಿಗೆಯ ಒಳಗೆ ಒಂದಿಂಚು ಮಡಚಿ ಇಡುವ ಕೈ.
ಬಟ್ಟೆ, ಕತ್ತರಿಸಿದ ಮೇಲೆ, ಚಿಗುರುವುದಿಲ್ಲ.
'ಇಷ್ಟ ಸಾಕಲ್ರೀ ಆಜಿ?'
'ಖಾಲೀ' ಅಂದರು.
ಕೆಳಗೆ, ಇನ್ನೂ ಕೆಳಗೆ, ಎಂದು ಅವರ ಅರ್ಥ.
ನನ್ನ ಕಿವಿ ಕನ್ನಡದ್ದು,
ಅದಕ್ಕೆ ಖಾಲಿ ಎಂದೇ ಕೇಳಿತು.

ಹನ್ನೊಂದಕ್ಕೆ ಎರಡೂ ನಿಜವಾಗಿತ್ತು.
ಸೇವಂತಿಗೆ ಮಣ್ಣಿನಿಂದ ನಾಲ್ಕು ಬೆರಳು.
ಮಲ್ಲಿಗೆಗೆ ಹಳೆಯ ಒಂದೆಲೆಯೂ ಬೇಡ ಎಂದು
ಸೊಪ್ಪು ಸೋಸುವ ಹಾಗೆ ಕೂತು ಬಿಡಿಸಿದೆವು.
ಗ್ರಿಲ್ಲಿನ ಆಚೆ ಮೊದಲ ಸಲ ಕಟ್ರಜಿನ ಗುಡ್ಡ ಕಂಡಿತು,
ಗುಡ್ಡದ ಕೆಳಗೆ ಯಾರದೋ ಟೆಂಪೊ ಹಿಂದೆ ಹಿಂದೆ ಬರುತ್ತ ಕೂಗುತ್ತಿತ್ತು.

ಗಾಯಕ್ಕೆ ಅರಿಶಿನ ಕಲಸಿದೆವು.
ನಿನ್ನೆ ಸೊಸೆ ಮಾಡಿದ ಹಳದಿ-ಕುಂಕುಮದಲ್ಲಿ ಮಿಕ್ಕದ್ದು;
ಆ ಸಂಜೆ ಆಜಿ ಒಳಕೋಣೆಯಲ್ಲಿ
ಬಾಗಿಲು ಮುಂದೆ ಮಾಡಿ ರೇಡಿಯೋ ಕೇಳಿದರಂತೆ.
ಈಗ ಕಡ್ಡಿ ಕಡ್ಡಿಯ ತುದಿಗೂ ಒತ್ತುತ್ತ ಹೋದರು.
ಮುಗಿಯುವಾಗ ಅವರ ಹತ್ತೂ ಬೆರಳು ಹಳದಿ.
ತೊಳೆಯಲು ನೀರು ತಂದೆ. ಇರಲಿ ಅಂದರು.

ಗೋಡೆಯ ಮೂಲೆಯ ಗುಲಾಬಿಯಲ್ಲಿ ಒಂದೇ ಕಡ್ಡಿಗೆ
ಅವರ ಕೈ ಎಟುಕಿರಲಿಲ್ಲ.
ಅಲ್ಲಿ ನಾನು ಬಿಟ್ಟೆ, ನನ್ನ ಒಂದಿಂಚು.
ಬಾಯಿಬಿಡಲಿಲ್ಲ.

ಹೋಳಿಯ ಹೊತ್ತಿಗೆ ಎಲ್ಲ ಕಣ್ಣೂ ತೆರೆದಿದ್ದವು.
ಸೇವಂತಿಗೆಯ ಬುಡಕ್ಕೆ ಮರಿಗಳ ದಿಬ್ಬಣ,
ಮಲ್ಲಿಗೆಯಲ್ಲಿ ಆಗಲೇ ಅಕ್ಷತೆ ಚೆಲ್ಲಿದ ಹಾಗೆ ಮೊಗ್ಗು.
ನನ್ನ ಒಂದಿಂಚು ಮಾತ್ರ ಕಪ್ಪಗೆ,
ಆರಿದ ಊದುಕಡ್ಡಿಯಂತೆ, ಕಣ್ಣಿನ ಹತ್ತಿರಕ್ಕೇ ಇಳಿದಿತ್ತು.
ಸ್ಟೂಲು ಎಳೆದುಕೊಂಡು ಬಂದ ಆಜಿಯ ಹೆಬ್ಬೆರಳು
ಅದನ್ನೂ ಹುಡುಕಿತು.
ಏನೂ ಅನ್ನಲಿಲ್ಲ. ಲಟಕ್ಕನೆ ಮುರಿದು
ನನ್ನ ಅಂಗೈಯಲ್ಲಿಟ್ಟು, 'ಚಹಾ?' ಎಂದು ಕೇಳಿದರು.

ಮನೆಗೆ ಬಂದು ಸೂಜಿಯ ಡಬ್ಬಿಗೆ ಹಾಕಿದೆ.
ಎದುರು ಮನೆಯ ಹುಡುಗಿಯ ಕಾಲೇಜಿನ ಕುರ್ತಾ,
ಚಾಕಿನಿಂದ ಗೆರೆ ಎಳೆದೆ,
ಕತ್ತರಿ ಗೆರೆಯ ಆಚೆ ಒಂದಿಂಚು ಬಿಟ್ಟೇ ನಡೆಯಿತು.
ಗುಲಾಬಿಯ ಮಾತು ಗುಲಾಬಿಗೆ.

ಆಜಿಯ ರವಿಕೆಯೂ ಮೇಜಿನ ಮೇಲಿದೆ.
ಹಿಡಿದು ಹಿಡಿದು ಪಕ್ಕೆಯ ಮಡಿಕೆ
ಬಾಳೆದಿಂಡಿನ ಹಾಗೆ ಪದರ ಪದರ.
ಕತ್ತರಿಸಿ ತೆಗೆದರೆ ಮೈಗೆ ಹಗುರ.
ಎರಡು ಸಲ ಕೈಗೆತ್ತಿಕೊಂಡೆ.
ನೀರು ಚಿಮುಕಿಸಿ, ಚಪ್ಪಟೆ ಇಸ್ತ್ರಿ ಹೊಡೆದು
ಹಾಗೇ ಬಿಟ್ಟಿದ್ದೇನೆ.