ಮುಕ್ಕಾಲು ಆನೆ

ದಾರಿಗೆ ಆನೆ ಇಳಿದಿದೆ, ಇವತ್ತು ಶಾಲೆ ಇಲ್ಲ
ಎಂದು ಅಮ್ಮತ್ತಿಯಿಂದ ಮೆಸೇಜು ಬಂದದ್ದೇ
ನನ್ನ ಅಡುಗೆಮನೆಗೆ ಮೂವರು ಇಳಿದರು:
ಪೂವಿ, ಅಣ್ಣನ ಮಗ ಚೀಯಣ್ಣ,
ಲೈನ್‌ಮನೆಯ ಸೆಲ್ವಿ, ಜೇಬಲ್ಲಿ ಅರ್ಧ ಪೇರಳೆ.

"ಒಂದು ಕಪ್ ಮೈದಾ, ಕಾಲು ಕಪ್ ಬೆಣ್ಣೆ," ಎಂದೆ.
"ಯಾರ ಕಾಲು?" ಎಂದಳು ಸೆಲ್ವಿ.

ನಕ್ಕೆ. ಆಮೇಲೆ ಯೋಚಿಸಿದೆ.
ಸರಿಯಾಗೇ ಕೇಳಿದ್ದಾಳೆ.
ನಾಲ್ಕು ಕಾಲು ಸೇರಿದರೆ ತಾನೆ ಒಂದು ಕಪ್,
ಒಂದು ಆನೆಯೂ.

ಕಾಫಿ ಡಬ್ಬಿಯ ತಗಡು ಬಗ್ಗಿಸಿದ ಅಚ್ಚು.
ಜೇನು, ಏಲಕ್ಕಿ, ಮೂಗಿನ ತುದಿಗೂ ಹಿಟ್ಟು.
ಸಾಲಿಗೆ ನಾಲ್ಕು, ಅಂಥ ಮೂರು ಸಾಲು.
"ಹನ್ನೆರಡು," ಎಂದ ಚೀಯಣ್ಣ, ಎಣಿಸದೆ.
ಪೂವಿಗೆ ನಂಬಿಕೆ ಸಾಲದು;
ಒಂದೊಂದರ ಬೆನ್ನು ಒತ್ತಿ ಎಣಿಸಿದಳು,
ಹಾಗಾಗಿ ಎಲ್ಲ ಆನೆಗೂ ಬೆನ್ನಲ್ಲೊಂದು ಗುಳಿ.

ಓವನ್ನಿನಿಂದ ತೆಗೆವಾಗ ಒಂದರ ಕಾಲು ಮುರಿಯಿತು:
ಮುಕ್ಕಾಲು ಆನೆ.
ಇನ್ನೊಂದಕ್ಕೆ ಉಳಿದದ್ದು ಎರಡೇ: ಅರ್ಧ.
ಮತ್ತೊಂದು ಪೂರಾ ಪುಡಿ,
ಅದರ ಲೆಕ್ಕ ಕೇಳಬೇಡಿ, ನನ್ನ ಬಾಯಲ್ಲಿದೆ.
ಮುರಿದ ಕಾಲುಗಳೂ ಎಲ್ಲಿಗೋ ನಡೆದುಬಿಟ್ಟಿದ್ದವು.
ನೆಲದ ಮೇಲೆ ಚಾಕ್‌ಪೀಸಲ್ಲಿ ಕೂಡಿಸಿದರು, ಒರೆಸಿದರು, ಜಗಳವಾಡಿದರು,
ಮತ್ತೆ ಕೂಡಿಸಿದರು.

ಅಷ್ಟರಲ್ಲಿ ಗೇಟಿನ ಬಳಿ ಫಾರೆಸ್ಟ್ ವಾಚರ್ ಬೋಜ,
ಕೈಯಲ್ಲಿ ಪುಸ್ತಕ, ಕಿವಿಯಲ್ಲಿ ಪೆನ್ನು:
"ಈ ಕಡೆ ಆನೆ ಎಷ್ಟು ಬಂದಿದ್ದವು?"
"ಹತ್ತೂಕಾಲು!" ಮೂವರೂ ಒಟ್ಟಿಗೆ.
"ಟೈಮ್ ಕೇಳಲಿಲ್ಲ ಮಕ್ಕಳೇ," ಎಂದ ಬೋಜ
ವಾಚು ನೋಡಿಕೊಂಡು.

ಸೆಲ್ವಿ ಓಡಿಹೋಗಿ
ಮುಕ್ಕಾಲು ಆನೆಯನ್ನು ಅವನ ಅಂಗೈಗಿಟ್ಟಳು.
ಇನ್ನೂ ಬಿಸಿ.
ಬೆರಳು ಮಡಚಿ, ತುಟಿ ಅಲ್ಲಾಡಿಸಿ,
"ಈಗ ಒಂಬತ್ತೂವರೆ," ಎಂದಳು.