ನೀರು ಬಿಡುವವ

ಐದು ದಿನಕ್ಕೊಮ್ಮೆ ಬೆಳಗಿನ ನಾಲ್ಕಕ್ಕ
ಶಹಾಪೇಟಿ ಮೂಲ್ಯಾಗಿನ ತಗಡು ಎತ್ತಿ
ಹೆಗಲೆತ್ತರದ ಕೀಲಿ ಇಳಸ್ತೀನಿ.
ಎಡಕ್ಕ ಹದಿನಾಲ್ಕು ಸುತ್ತು.
ಹದಿಮೂರಕ್ಕ ಓಣಿ ಕೆಮ್ಮತದ,
ಹದಿನಾಲ್ಕಕ್ಕ ಕೊಡ ಮಾತಾಡತಾವ.

ಗೋಳಗುಮ್ಮಟದಾಗ ಗೈಡ್ ಬಸೆಟ್ಟೆಪ್ಪ
ಬಂದವರಿಂದ ಕೂಗಿಸಿ
ಏಳು ಸಲ ಎಣಿಸಿ ತೋರಸ್ತಾನ.
ನನ್ನ ಕೇಳಿದ್ರ,
ಈ ಊರು ಉತ್ತರ ಕೊಡೂದು ನೆಲದ ಕೆಳಗ.

ಮೊನ್ನೆ ಹೊಸ ಪೈಪಿಗಂತ ಜೆಸಿಬಿ ಹಲ್ಲು ಹಚ್ಚಿದಾಗ
ಆಳುದ್ದದಾಗ ಗಚ್ಚು ತಾಗಿತು.
ಗಚ್ಚಿನೊಳಗ ಮಣ್ಣಿನ ಕೊಳವಿ,
ಒಂದರ ಬಾಯಾಗ ಒಂದು.
'ಒಡೀಲೇನು?' ಅಂದ ಡ್ರೈವರ್.
ತಡಿ ಅಂದು ಒಳಗ ಕೈ ಹಾಕಿದೆ, ಮೊಣಕೈ ತನಕ.
ಒಣಾ ಕೆಸರು, ಬೇವಿನ ಬೇರು.
ಬೇರಿನ ತುದಿ ಮಾತ್ರ ತಂಪು.

ಮರುದಿನ ಆಫೀಸಿನವರು ಬಂದ್ರು,
ಮೀಸಿಗೆ ಬಣ್ಣ ಹಚ್ಚೂವಂಥ ಸಣ್ಣ ಬ್ರಶ್ ಹಿಡಕೊಂಡು.
ಯಾವ ಸುಲ್ತಾನನ ಕಾಲದ್ದು ಅಂತ
ಇಬ್ಬರು ಚಾ ಆರೂ ತನಕ ಜಗಳಾಡಿದ್ರು.
ಹೂಳಿದ ಕೈ ಯಾರದು,
ಅದು ಫಾರ್ಮಿನ್ಯಾಗ ಇರಲಿಲ್ಲ.

ನಮ್ಮ ಅಡ್ಡಹೆಸರು ಪಖಾಲಿ.
ಮುತ್ಯಾ ಬುಡನಸಾಬ
ತಾಜಬಾವಡಿ ನೀರು ತೊಗಲಿನ ಚೀಲಕ್ಕ ತುಂಬಿ
ಕೋಣದ ಬೆನ್ನಿಗೆ ಹೇರಿ ಮನಿಮನಿಗೆ ಹಾಕಿದಾಂವ.
ಕೋಣಕ್ಕ ಎಲ್ಲಾ ಓಣಿ ಗೊತ್ತಿದ್ವಂತ.
ಬಾಕಿ ಇಟ್ಟವರ ಬಾಗಿಲಿಗೆ ನಿಲ್ಲತಿರಲಿಲ್ಲಂತ.

ಅಂವ ಹೇಳತಿದ್ದ ಗಂಜ್‌ಗಳ ಸುದ್ದಿ.
ಕುಡಿಯೂ ಗಂಜಿ ಅಂತ ತಿಳಕೊಂಡಿದ್ದೆ ನಾ.
'ಹುಚ್ಚಪ್ಪಾ, ಅದು ನೀರಿನ ಗೋಪುರ.
ತೊರವಿಯಿಂದ ಓಡಿ ಬಂದ ನೀರಿಗೆ ದಮ್ಮು ಹತ್ತಿರತದ.
ಅದರಾಗ ಮ್ಯಾಲೇರಿ, ತುಸು ನಿಂತು,
ಹೊಟ್ಟ್ಯಾಗಿನ ಕೆಸರು ಕೆಳಗ ಬಿಟ್ಟು
ಮುಂದ ಹೋಗತದ.
ನಿಲ್ಲಿಸದಿದ್ರ ಕೊಳವಿ ಸೀಳತಾವ.
ಸಿಟ್ಟು ಬಂದ ಮನಶಾಗೂ ಅದೇ ಮದ್ದು.'

ಮೂರು ಕೊಳವಿ ಮ್ಯೂಸಿಯಮ್ಮಿಗೆ ಹೋದ್ವು.
ಉಳಿದವಕ್ಕ ಮಣ್ಣು ಎಳದ್ವಿ.
ಹೊಸ ಪೈಪು ಒಂದು ಮೊಳ ಸರದು ಹೊಂಟತು.
ಈಗ ಅಲ್ಲಿ ನೀಲಿ ಪ್ಲಾಸ್ಟಿಕ್ಕು, ಸುಟ್ಟ ಮಣ್ಣು,
ನಡುವ ಆ ಬೇವಿನ ಬೇರು.
ಅದಕ್ಕ ಸುಲ್ತಾನನೂ ಗೊತ್ತಿಲ್ಲ, ಟೆಂಡರೂ ಗೊತ್ತಿಲ್ಲ.

ಪಾಳಿ ಮುಗಿಸಿ ಗಂಜ್ ಬುಡಕ್ಕ ಬಂದು ಕೂಡತೀನಿ.
ಗ್ವಾಡಿಗೆ ಕೋಚಿಂಗ್ ಕ್ಲಾಸಿನ ಬೋರ್ಡು,
ತುದ್ಯಾಗ ಪಾರಿವಾಳ,
ಒಳಗ ನೀರಿಲ್ಲ, ಬರೀ ನೀರಿನ ಎತ್ತರ.
ಫೋನು ಹೊಡಕೊಂತದ:
'ಏ ಪಖಾಲಿ, ನಮ್ಮ ಓಣಿಗೆ ಯಾವಾಗ ಬಿಡತಿ?'
ಹಿಂದಿನಿಂದ ಬೈಗಳ,
ಒಮ್ಮೊಮ್ಮೆ ಜಾತಿ ಹಿಡದು.

ತುಸು ನಿಲ್ಲತೀನಿ,
ಕೆಸರು ಕೆಳಗ ಇಳೀಲಿ ಅಂತ.
ಆಮ್ಯಾಲೆ ಹೇಳತೀನಿ:
'ನಾಳೆ ನಾಲ್ಕಕ್ಕ ರೀ. ಕೊಡ ತೊಳದಿಡ್ರಿ.'