ಜರಡಿಯ ಕೊಕ್ಕೆ

ಇಪ್ಪತ್ತೆರಡು ವರ್ಷ ಕರಿಹಲಗೆಯ ಮೇಲೆ
ತೊಲೆ ಬಗ್ಗಿಸಿದವನು ನಾನು.
ಸೀಮೆಸುಣ್ಣದ ತೊಲೆ, ಸೀಮೆಸುಣ್ಣದ ಭಾರ,
ಬಾಣದ ಗುರುತಿನಷ್ಟೇ ತೂಕ.
ಒಂದೂ ಮುರಿದು ಯಾರ ಕಾಲ ಮೇಲೂ ಬಿದ್ದಿಲ್ಲ.

ಈ ಸಲ ಹೊಸ ಪಠ್ಯಕ್ರಮ. ಕೈಯಾರೆ ಮಾಡಿಸಿ, ಅಂದರು.
ಆರನೇ ಸೆಮಿಸ್ಟರಿನ ಮೂವರನ್ನು ಕಟ್ಟಿಕೊಂಡು
ಬೆಳಗಿನ ಜಾವ ನಾಲ್ಕಕ್ಕೆ ಮಂಡಕ್ಕಿ ಭಟ್ಟಿಗೆ ಹೋದೆ:
ಓಬಳೇಶ, ನಾಜ್ನೀನ್, ಹರಪನಹಳ್ಳಿಯ ಹಾಲಮ್ಮ.

ದಾವಣಗೆರೆಯ ಆ ಗಲ್ಲಿಗಳಲ್ಲಿ
ಹೊಗೆ ಮೊದಲು ಏಳುತ್ತದೆ, ಆಮೇಲೆ ಕೋಳಿ.
ಬಾಣಲೆಯಲ್ಲಿ ಕಾದ ಮರಳು, ಒಂದು ಬೊಗಸೆ ಅಕ್ಕಿ,
ಹತ್ತು ಎಣಿಸುವುದರೊಳಗೆ ಬಿಳಿಯ ಗುಡ್ಡ.
ಬುಡೇನ್‌ಸಾಬ್ ಹುರಿದು ಸುರಿದದ್ದನ್ನು
ಹಜರತ್‌ಬಿ ಜರಡಿ ಹಿಡಿಯುತ್ತಾಳೆ.
ಮರಳು ಕೆಳಗೆ, ಮಂಡಕ್ಕಿ ಮೇಲೆ,
ಮಣಿಕಟ್ಟು ನಡುವೆ.

ನಾಜ್ನೀನ್ ಟೇಪು ಬಿಚ್ಚಿ
ಭುಜದಿಂದ ಮೊಣಕೈ, ಮೊಣಕೈಯಿಂದ ಬೆರಳು ಅಳೆದಳು.
"ಏನವ್ವ, ಜಂಪರ್ ಹೊಲಿತೀಯೇನು ನನಗ?"
ನಕ್ಕಳು, ಕೆಮ್ಮಿದಳು. ಜರಡಿ ನಿಲ್ಲಲಿಲ್ಲ.

ಮೊದಲ ಯಂತ್ರ ಪರದೆಯ ಮೇಲೆ ಬಹಳ ಚೆಂದ ತಿರುಗಿತು.
ನೀಲಿ ಡ್ರಮ್ಮು, ಹಳದಿ ಮೋಟರು,
ಎಲ್ಲಿಂದ ನೋಡಿದರೂ ನುಣುಪು. ನಾನೇ ಭೇಷ್ ಅಂದೆ.
ಭಟ್ಟಿಗೆ ತಂದ ದಿನ
ಬೇರಿಂಗಿಗೆ ಮರಳು ಹೊಕ್ಕು
ಹನ್ನೊಂದನೇ ನಿಮಿಷಕ್ಕೆ ಕಿರುಚಿ ನಿಂತಿತು.
ಕರೆಂಟೂ ಹೋಯಿತು.
ಹಿಡಿಕೆ ಇದ್ದದ್ದು ನಿಂತವರ ಎದೆಮಟ್ಟಕ್ಕೆ;
ಅವಳು ಕೂತು ದುಡಿಯುವವಳು.
ನಾಲ್ವರೂ ನೋಡಿದ್ದೆವು ಅದನ್ನು.
ಅಳೆದೂ ಇದ್ದೆವು.

ಪುಸ್ತಕ ತೆರೆಯಬೇಕೆನಿಸಿತು. ಯಾವ ಅಧ್ಯಾಯ?
ಹಾಲಮ್ಮ ಮಾತ್ರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು
ಜರಡಿ ಇಸಕೊಂಡು ಆಡಿಸತೊಡಗಿದಳು.
ಅರ್ಧ ಗಂಟೆ. ಮುಂಗೈ ಊದಿತು.
"ಸರ್, ಆಡಿಸೋದು ಕಷ್ಟ ಅಲ್ಲ,
ಹಿಡಕೊಳ್ಳೋದು ಕಷ್ಟ."
ಇಷ್ಟು ಸಣ್ಣ ವಾಕ್ಯ
ನನ್ನ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ,
ನಾನೂ.

ಮೋಟರು ಬಿಟ್ಟೆವು, ಡ್ರಮ್ಮು ಬಿಟ್ಟೆವು.
ತಗಡಿನ ಮಾಡಿನ ಜಂತಿಗೆ ಒಂದು ಕೊಕ್ಕೆ,
ಗುಜರಿಯ ಸರಪಳಿ, ಒಂದು ಸ್ಪ್ರಿಂಗು,
ತುದಿಗೆ ಅವಳದೇ ಹಳೆ ಜರಡಿ.
ಕೊಕ್ಕೆಯನ್ನು ಓಬಳೇಶ ಕುಲುಮೆಯಲ್ಲಿ ತಾನೇ ಬಗ್ಗಿಸಿದ,
ಹೆಬ್ಬೆರಳು ಸುಟ್ಟುಕೊಂಡ.
ಚಿನ್ನದ ಪದಕದವನು ನಾನು
ಕೈಕಟ್ಟಿ ನಿಂತಿದ್ದೆ.

ಹೊರಗಿನ ಪರೀಕ್ಷಕರು ಕನ್ನಡಕ ತೆಗೆದು "ಇಷ್ಟೇನಾ?" ಎಂದರು.
ವರದಿ ತಿರುವಿದರು. ತೂಗುವ ಭಾರ ಆರು ಕಿಲೋ,
ಕೊಕ್ಕೆ ತಾಳುವುದು ಅದರ ಎಂಟು ಪಟ್ಟು.
"ಮೂರು ಪಟ್ಟು ಸಾಕಿತ್ತಲ್ಲ, ಕಬ್ಬಿಣ ದಂಡ."
ಓಬಳೇಶ ನೆಲ ನೋಡುತ್ತ,
"ತೆಲಿ ಮ್ಯಾಲೆ ತೂಗೋದಲ್ರೀ ಸರ" ಅಂದ.
ಅದು ಲೆಕ್ಕವಲ್ಲವೆಂದು
ಒಂದು ಅಂಕ ಕಳೆದವನು ನಾನೇ.

ದೀಪಾವಳಿ ಮುಗಿದ ಮೇಲೆ ಯಾವುದೋ ಕೆಲಸಕ್ಕೆ ಆ ಕಡೆ ಹೋದವನು
ಮಧ್ಯಾಹ್ನ ಭಟ್ಟಿಯ ಬಾಗಿಲಲ್ಲಿ ಇಣುಕಿದೆ.
ಒಲೆ ಆರಿತ್ತು. ಜರಡಿ ಗೋಡೆಗೆ ಒರಗಿತ್ತು.
ಕೊಕ್ಕೆಗೆ ಹಸಿರು ಸೀರೆಯ ಜೋಲಿ,
ಒಳಗೆ ಹಜರತ್‌ಬಿಯ ಮೊಮ್ಮಗಳು,
ಒಂದು ಪಾದ ಮಾತ್ರ ಹೊರಗೆ.
ನಿಂತಲ್ಲೇ ಲೆಕ್ಕ ಹಾಕಿದೆ:
ಮಗು ಹನ್ನೊಂದು ಕಿಲೋ ಇದ್ದೀತು, ಜೀಕುವಾಗ ಇನ್ನಷ್ಟು.
ಆರಕ್ಕೆ ಮೂರು ಪಟ್ಟು ಎಂದರೆ…
ಮುಂದೆ ಗುಣಿಸಲಿಲ್ಲ.

"ಸರಪಳಿ ಕಿರ್ ಅಂತೈತ್ರಿ ಸರ," ಪಿಸುಗುಟ್ಟಿದಳು,
"ಕೂಸು ಏಳ್ತೈತಿ. ಆ ಹುಡುಗನ್ನ ಕಳಿಸ್ರಿ, ಎಣ್ಣಿ ಬಿಡಲಿ."

ಅಂಕಪಟ್ಟಿ ಜುಲೈನಲ್ಲೇ ವಿಶ್ವವಿದ್ಯಾಲಯ ಸೇರಿದೆ,
ಇನ್ನು ಅದನ್ನು ತಿದ್ದುವಂತಿಲ್ಲ.
ಸಂಜೆ ಎಣ್ಣೆಯ ಡಬ್ಬಿ ಹಿಡಿದು ನಾನೇ ಹೋದೆ.
ಯಾವ ಕೊಂಡಿಗೆ ಬಿಡಬೇಕೆಂದು
ಹಜರತ್‌ಬಿ ತೋರಿಸಿದಳು.